ಬಿಳಿ ಗೆರೆ ಬೀಳುವ ಡಬ್ಬಿ: ಮಡಿಕೆಗೆ ಪೂರ್ತಿ ಅಂಕ, ಕ್ಲಿಪ್ಪಿಗೆ ಇಲ್ಲ

ಸ್ಕ್ರೂ, ವಾಷರ್, ವೈರ್ ತುಂಡು ಹಾಕಿಡುವ ಕಪ್ಪು ಡಬ್ಬಿ ಇದು. ಮುಚ್ಚಳ, ಡಬ್ಬಿ ಎರಡೂ ಒಂದೇ ಅಚ್ಚಿನಲ್ಲಿ ಬಂದಿವೆ, ನಡುವಿನ ತೆಳು ಮಡಿಕೆಯೇ ಕೀಲು. ತೆಗೆದು ಮುಚ್ಚುತ್ತಿದ್ದರೆ ಅಲ್ಲಿ ಬಿಳಿ ಗೆರೆ ಮೂಡುತ್ತದೆ. ಅಷ್ಟಕ್ಕೇ ಕಳಪೆ ಮಾಲು ಅಂತ ದಯವಿಟ್ಟು ವಾಪಸ್ ಕಳಿಸಬೇಡಿ.

ತಳದ ತ್ರಿಕೋನದೊಳಗೆ 5 ಅಂತ ಇದೆ, ಅಂದರೆ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಬಗ್ಗಿಸಿದಾಗ ಮಡಿಕೆಯ ಹೊರಮೈ ಹಿಗ್ಗುತ್ತದೆ, ಒಳಗೆ ತೀರಾ ಸಣ್ಣ ಪೊಳ್ಳುಗಳು ಬಾಯಿ ಬಿಡುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಪೊಳ್ಳುಗಳು ಹೆಚ್ಚುಕಡಿಮೆ ಆ ಅಳತೆಗೆ ಬೆಳೆದರೆ ಸಾಕು, ಒಳಗೆ ಹೋದ ಬೆಳಕು ಎಲ್ಲ ಕಡೆ ಚದುರಿ ಆ ಜಾಗ ಬೆಳ್ಳಗೆ ಕಾಣುತ್ತದೆ. ನೀರಿಗೆ ಬಣ್ಣವಿಲ್ಲ, ನೊರೆ ಮಾತ್ರ ಬಿಳಿ, ಅಲ್ವಾ? ಇಲ್ಲಿ ನಡೆಯುವುದೂ ಅದೇ, ಬಣ್ಣವೇನೂ ಕಿತ್ತು ಬಂದಿಲ್ಲ. ಜೊತೆಗೆ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳು ಎಳೆತದ ದಿಕ್ಕಿಗೆ ಸಾಲಾಗಿ ನಿಲ್ಲುವುದರಿಂದ ಮಡಿಕೆ ಗಟ್ಟಿಯಾಗಿಯೇ ಉಳಿಯುತ್ತದೆ. ಈ ಕೀಲು ನನಗೆ ತುಂಬಾ ಇಷ್ಟವಾಯಿತು.

ಮುಚ್ಚಳವನ್ನು ಹಿಡಿದಿಡುವ ಕ್ಲಿಪ್ಪಿನ ಕಥೆ ಬೇರೆ. ಅದರ ಬುಡದ ಒಳಮೂಲೆಯನ್ನು ಚೂಪಾಗಿಯೇ ಬಿಟ್ಟಿದ್ದಾರೆ, ಸ್ವಲ್ಪ ದುಂಡಗೆ ಮಾಡಿದ್ದರೆ ಬಲ ಹಂಚಿಹೋಗುತ್ತಿತ್ತು. ಈಗ ಪ್ರತಿ ಸಲವೂ ಎಲ್ಲ ಎಳೆತ ಅದೇ ಒಂದು ಬಿಂದುವಿಗೆ ಬಂದು ಬೀಳುತ್ತದೆ, ಬಿಳಿ ಗುರುತು ದಿನೇ ದಿನೇ ದಟ್ಟವಾಗುತ್ತದೆ, ಪೊಳ್ಳುಗಳು ಒಂದಕ್ಕೊಂದು ಕೂಡಿಕೊಂಡರೆ ಬಿರುಕು ಗ್ಯಾರಂಟಿ. ಚಳಿಯಲ್ಲಿ ಜಗ್ಗಿ ತೆಗೆದರಂತೂ ಇನ್ನೂ ಬೇಗ, ಯಾಕೆಂದರೆ ಸರಪಳಿಗಳಿಗೆ ಜಾರಿಕೊಳ್ಳಲು ಸಮಯವೇ ಸಿಗುವುದಿಲ್ಲ. ನಿಧಾನವಾಗಿ ತೆಗೆಯಿರಿ.

ಒಳಗೆ ಪಾರದರ್ಶಕ ತಟ್ಟೆಯೊಂದಿದೆ, ಅದರ ಮೇಲೆ 6 ಅಂತ ಇದೆ, ಅದು ಪಾಲಿಸ್ಟೈರೀನ್. ಇಲ್ಲಿ ಬಿಳಿ ಮಚ್ಚೆ ಕಾಣುವುದಿಲ್ಲ, ಬೆಳಕಿಗೆ ಹಿಡಿದರೆ ಬೆಳ್ಳಿಯಂತೆ ಮಿನುಗುವ ಸಣ್ಣ ಗೆರೆಗಳು ಕಾಣುತ್ತವೆ, ಎಳೆತಕ್ಕೆ ಅಡ್ಡಲಾಗಿ. ಕ್ರೇಜ್ ಅಂತಾರೆ ಇದಕ್ಕೆ. ಪೂರ್ತಿ ಬಿರುಕಲ್ಲ, ಎರಡು ಬದಿಗಳನ್ನೂ ಕೂದಲಿಗಿಂತ ಎಷ್ಟೋ ತೆಳುವಾದ ನಾರುಗಳು ಇನ್ನೂ ಹಿಡಿದುಕೊಂಡಿರುತ್ತವೆ, ಸ್ವಲ್ಪ ಭಾರವನ್ನೂ ಹೊರುತ್ತವೆ. ಆದರೆ ಪಾಲಿಸ್ಟೈರೀನಿನಲ್ಲಿ ಆ ನಾರುಗಳು ಹರಿದರೆ ತಟ್ಟೆ ಪಟಕ್ಕನೆ ಒಡೆಯುತ್ತದೆ. ಭಾರದ ನಟ್ಟು ಬೋಲ್ಟು ಅದರಲ್ಲಿ ತುಂಬಬೇಡಿ. ಸ್ಪಿರಿಟ್ ಹಾಕಿ ಒರೆಸಲೂಬೇಡಿ, ಎಳೆತ ಬಿದ್ದ ಜಾಗಕ್ಕೆ ಸ್ಪಿರಿಟ್ಟೋ ಎಣ್ಣೆಯೋ ತಗುಲಿದರೆ ಗೆರೆಗಳು ಜಾಸ್ತಿಯಾಗುತ್ತವೆ. ಸೋಪು ನೀರು ಸಾಕು.

ತಟ್ಟೆ ಇಲ್ಲದ ಮಾದರಿಯೂ ಸಿಗುತ್ತದೆ, ಭಾರದ ಸಾಮಾನು ಇಡುವವರು ಅದನ್ನೇ ತಗೊಳ್ಳಿ.