ಪುಟ್ಟ ರೈಲು ನಿಲ್ದಾಣದ ದೀಪಕ್ಕೆ ಬಲ್ಬೋ, ಎಲ್‌ಇಡಿಯೋ?

ಬಳ್ಳಾರಿಯ ನಮ್ಮ ಮನೆಯಲ್ಲಿ ಹಾಸಿರುವ 1:87 ಅಳತೆಯ (ನಿಜವಾದದ್ದರ 87ನೇ ಒಂದು ಪಾಲಿನ) ಮಾದರಿ ರೈಲು ಹಳಿಯ ಪಕ್ಕದ ದೀಪಕಂಬವೊಂದು ಕಳೆದ ವಾರ ಆರಿಹೋಯಿತು. ಟೊಪ್ಪಿಗೆಯನ್ನು ಚಿಮಟದಿಂದ ಎತ್ತಿದರೆ ಒಳಗೆ ಗೋಧಿ ಕಾಳಿನಷ್ಟು ಬಲ್ಬು. ಗಾಜು ಕಪ್ಪಿಟ್ಟಿತ್ತು, ತಂತು ತುಂಡಾಗಿತ್ತು.

ಅಂಥದ್ದೇ 12 ವೋಲ್ಟ್ ಬಲ್ಬು ಹಾಕುವುದು ಸುಲಭ. ಎರಡು ತಂತಿಗಳನ್ನು ಹೇಗೆ ಬೆಸೆದರೂ ಉರಿಯುತ್ತದೆ; ಎಸಿ (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್), ಡಿಸಿ (ಒಂದೇ ದಿಕ್ಕಿನದು) ಎರಡೂ ನಡೆಯುತ್ತದೆ. ಅದರ ಹೊಂಬಣ್ಣದ ಬೆಳಕು ಉಗಿಬಂಡಿ ಕಾಲದ ನಿಲ್ದಾಣಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆದರೆ ಬಿಸಿಯಾಗುತ್ತದೆ, ತೆಳು ಪ್ಲಾಸ್ಟಿಕ್ ಟೊಪ್ಪಿಗೆ ಸೊಟ್ಟಗಾಗಬಹುದು. 9 ಅಥವಾ 10 ವೋಲ್ಟ್ ಮಾತ್ರ ಕೊಡಿ. ಬೆಳಕು ತುಸು ಮಂಕಾದರೂ ಬಾಳಿಕೆ ಬಹಳ ಹೆಚ್ಚುತ್ತದೆ.

ಎಲ್‌ಇಡಿ ಹೆಚ್ಚು ಬಿಸಿಯಾಗುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಕೆಲಸ ಮಾತ್ರ ನಾಜೂಕಿನದು. ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್. 12 ವೋಲ್ಟ್ ಡಿಸಿಯನ್ನು ನೇರವಾಗಿ ಕೊಟ್ಟರೆ ಸುಟ್ಟುಹೋಗುತ್ತದೆ. ಒಂದು ತಂತಿಗೆ 1000 ಓಮ್‌ನ ರೆಸಿಸ್ಟರ್ (ವಿದ್ಯುತ್ ಹರಿವನ್ನು ತಗ್ಗಿಸುವ ಬಿಡಿಭಾಗ) ಬೆಸೆದರೆ ಸುಮಾರು 9 ಮಿಲಿಆಂಪಿಯರ್ ಹರಿಯುತ್ತದೆ, ಪುಟ್ಟ ದೀಪಕ್ಕೆ ಅದು ಧಾರಾಳ. ಹೊಸ ಎಲ್‌ಇಡಿಯ ಉದ್ದನೆಯ ಕಾಲು ಧನ ತುದಿಗೆ ಹೋಗಬೇಕು. ಎಸಿ ಇದ್ದರೆ ಒಂದೇ ದಿಕ್ಕಿಗೆ ವಿದ್ಯುತ್ ಬಿಡುವ ಡಯೋಡ್ ಕೂಡ ಬೇಕು.

ಬಣ್ಣದಲ್ಲಿ ರಾಜಿಯಾಗಬೇಡಿ. ನೀಲಿ ಛಾಯೆಯ ಬಿಳಿ ಹಾಕಿದರೆ ನಿಲ್ದಾಣ ಆಸ್ಪತ್ರೆಯಂತೆ ಕಾಣುತ್ತದೆ. ಬೆಚ್ಚನೆಯ ಹಳದಿ ಛಾಯೆಯದನ್ನೇ ಕೇಳಿ ಪಡೆಯಿರಿ.

ಟೊಪ್ಪಿಗೆ ಸುಲಭವಾಗಿ ಕಳಚುವ ಕಂಬಕ್ಕೆ ನಾನು ಮತ್ತೆ ಬಲ್ಬನ್ನೇ ಹಾಕಿದೆ. ಚಾವಣಿ ಅಂಟಿಸಿಬಿಟ್ಟಿರುವ ಟಿಕೆಟ್ ಕೋಣೆಯೊಳಗೆ ಎಲ್‌ಇಡಿ ಇಟ್ಟೆ.