ಮಗಳ ಪಿಟೀಲು, ಎರಡು ಶಾಲೆ

ಮೊದಲೇ ಹೇಳಿಬಿಡುತ್ತೇನೆ: ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುವ ಪ್ರತ್ಯೇಕ ಕಲಾಶಾಲೆಗಿಂತ, ಸಾಮಾನ್ಯ ಪ್ರೌಢಶಾಲೆಯ ಒಳಗೇ ನಡೆಯುವ ಕಲಾ ವಿಭಾಗ ನನ್ನ ಮಗಳಿಗೆ ಒಗ್ಗಿತು. ಮೊದಲನೆಯದರಲ್ಲಿ ಒಂದು ವರ್ಷ ಓದಿದಳು. ಎರಡನೆಯದರಲ್ಲಿ ಈಗ ಎರಡನೇ ವರ್ಷ.

ಕಲಾಶಾಲೆಯನ್ನು ಹುಡುಕಿದ್ದು ನಾನೇ. 1936ರಲ್ಲಿ ನ್ಯೂಯಾರ್ಕ್ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ ಸಂಗೀತ ಮತ್ತು ಚಿತ್ರಕಲೆಗಾಗಿಯೇ ಸರ್ಕಾರಿ ಪ್ರೌಢಶಾಲೆಯೊಂದನ್ನು ತೆರೆದದ್ದನ್ನು ಓದಿದಾಗಿನಿಂದ, ಅಂಥ ವಾತಾವರಣದಲ್ಲಿ ಮಗಳು ಬೆಳೆಯಬೇಕೆಂಬ ಆಸೆ ನನ್ನಲ್ಲಿ ಬೇರುಬಿಟ್ಟಿತ್ತು. ಪಾಠದ ಮಟ್ಟದಲ್ಲಿ ಆ ಶಾಲೆ ನಿರಾಸೆ ಮಾಡಲಿಲ್ಲ. ಕೆಡಿಸಿದ್ದು ಕುರ್ಚಿ.

ವಾದ್ಯವೃಂದದಲ್ಲಿ ಪಿಟೀಲಿನವರು ಇಬ್ಬಿಬ್ಬರಾಗಿ ಸ್ವರಲಿಪಿಯ ಹಾಳೆ ಇಡುವ ಒಂದು ಸ್ಟ್ಯಾಂಡ್ ಹಂಚಿಕೊಳ್ಳುತ್ತಾರೆ. ಸಭಿಕರ ಕಡೆಗೆ ಕುಳಿತವರು ನುಡಿಸುತ್ತಲೇ ಇರುತ್ತಾರೆ, ಒಳಬದಿಯವರು ಹಾಳೆ ತಿರುವುತ್ತಾರೆ. ಕಮಾನು ಎಲ್ಲಿ ಮೇಲಕ್ಕೆ, ಎಲ್ಲಿ ಕೆಳಕ್ಕೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವುದೂ ಸಾಮಾನ್ಯವಾಗಿ ಅವರದೇ ಕೆಲಸ. ಕೆಲವು ತಿಂಗಳು ಜೊತೆಗೆ ಕುಳಿತರೆ ಪಕ್ಕದವರ ಉಸಿರಾಟವೂ ಪರಿಚಯವಾಗುತ್ತದೆ. ಆ ಶಾಲೆಯಲ್ಲಿ ಆರು ವಾರಕ್ಕೊಮ್ಮೆ ಪ್ರತಿಯೊಬ್ಬರೂ ಒಬ್ಬರೇ ನುಡಿಸಿ ತೋರಿಸಬೇಕಿತ್ತು. ಮರುದಿನ ಬಾಗಿಲಿಗೆ, ಚೆನ್ನಾಗಿ ನುಡಿಸಿದವರು ಮುಂದೆ ಎಂಬ ಲೆಕ್ಕದ ಪಟ್ಟಿ ಅಂಟುತ್ತಿತ್ತು, ಅದರಂತೆ ಎಲ್ಲರ ಜಾಗವೂ ಬದಲಾಗುತ್ತಿತ್ತು.

ಒಂದು ಸಲ ಪಟ್ಟಿ ಬಂದಾಗ, ಮಗಳ ಜೊತೆಗಾತಿ ಯಾವ ಸ್ವರಕ್ಕೆ ಯಾವ ಬೆರಳು ಎಂದು ತಾನು ಬರೆದಿದ್ದ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಿಯೇ ಮುಂದಿನ ಸಾಲಿಗೆ ಹೋದಳಂತೆ. ಆ ಹುಡುಗಿಯನ್ನು ನಾನು ದೂರುವುದಿಲ್ಲ. ಹದಿನಾಲ್ಕರ ಮಕ್ಕಳಿಗೆ ಆ ಪಟ್ಟಿ ಕಲಿಸಿದ್ದೇ ಅದನ್ನು. ವರ್ಷದ ಕೊನೆಗೆ ನನ್ನ ಮಗಳೂ ಪಿಟೀಲಿನ ಕುದುರೆಗೆ, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡಿಗೆ, ದನಿ ತಗ್ಗಿಸುವ ರಬ್ಬರ್ ಮ್ಯೂಟ್ ಸಿಕ್ಕಿಸಿ ಅಭ್ಯಾಸ ಮಾಡತೊಡಗಿದ್ದಳು, ಪಕ್ಕದ ಕೋಣೆಯವರಿಗೆ ತಾನು ಆರಿಸಿಕೊಂಡ ಭಾಗ ಕೇಳಿಸಬಾರದೆಂದು. ಶಿಕ್ಷಕರಲ್ಲಿ ವಿಚಾರಿಸಿದಾಗ, ಹೊರಗಿನ ಜಗತ್ತು ಇರುವುದೇ ಹೀಗೆ ಎಂದರು. ಎಲ್ಲ ಕಡೆಯೂ ಹೀಗಿಲ್ಲ. ಅನೇಕ ವೃತ್ತಿಪರ ವಾದ್ಯವೃಂದಗಳಲ್ಲಿ ಮುಂದಿನ ಕೆಲವು ಕುರ್ಚಿಗಳನ್ನು ಬಿಟ್ಟರೆ ಉಳಿದ ತಂತಿವಾದ್ಯದವರು ಸರದಿಯಂತೆ ಜಾಗ ಬದಲಿಸುತ್ತಾರೆ.

ಈಗಿನ ವಿಭಾಗದಲ್ಲಿ ನಾಲ್ಕೂ ತರಗತಿಗಳಿಂದ ಸೇರಿ ಸುಮಾರು ನಲವತ್ತು ಮಕ್ಕಳಿದ್ದಾರೆ. ಪ್ರತಿ ಕೃತಿಗೂ ಕುರ್ಚಿ ಸರದಿಯ ಮೇಲೆ ಬದಲಾಗುತ್ತದೆ, ಹಿರಿಯರ ಪಕ್ಕದಲ್ಲಿ ಕಿರಿಯರು ಕೂರುತ್ತಾರೆ. ನಾಟಕದ ಹೊತ್ತಿಗೆ ಪಿಟೀಲಿನವರು ರಂಗಸಜ್ಜಿಕೆಗೆ ಬಣ್ಣ ಬಳಿಯುತ್ತಾರೆ, ಚಿತ್ರ ಬರೆಯುವವರು ದೀಪ ನೋಡಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಯಾರಾದರೊಬ್ಬರ ಅರೆಬರೆ ಕೆಲಸವನ್ನು ಎಲ್ಲರ ನಡುವೆ ಇಡುತ್ತಾರೆ. ಮೊದಲ ಸುತ್ತಿನಲ್ಲಿ ಕಂಡದ್ದನ್ನು, ಕೇಳಿಸಿದ್ದನ್ನು ಮಾತ್ರ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ. ಮಗಳು ತಪ್ಪುತಪ್ಪಾಗಿ ನುಡಿಸುವುದನ್ನು ಬೇರೆಯವರೆದುರು ಸಹಿಸಿಕೊಂಡದ್ದು ಅಲ್ಲಿಯೇ ಮೊದಲು.

ಸಭಾಂಗಣ, ವಾದ್ಯಗಳ ಸ್ಥಿತಿ: ಕಲಾಶಾಲೆಯೇ ಮೇಲು. ಮನೆಪಾಠದ ಹೊರೆ ಎರಡರಲ್ಲೂ ಒಂದೇ.

ಹೊಸ ಕಡೆಯ ದೊಡ್ಡ ಕೊರತೆಯೆಂದರೆ ಒಬ್ಬೊಬ್ಬರಿಗೇ ಕೂರಿಸಿ ಹೇಳಿಕೊಡುವ ಪಾಠವಿಲ್ಲ. ನಮ್ಮದು ಒಂದೇ ಸಂಬಳದ ಮನೆ. ಕಲಾಶಾಲೆಯ ಶುಲ್ಕದಲ್ಲಿ ಉಳಿದ ಹಣದಿಂದ ಹದಿನೈದು ದಿನಕ್ಕೊಮ್ಮೆ ಹೊರಗೆ ಪಾಠ ಹೇಳಿಸುತ್ತಿದ್ದೇನೆ. ವಾರಕ್ಕೊಮ್ಮೆ ಬೇಕಿತ್ತು, ಆಗುತ್ತಿಲ್ಲ. ನಾನು ಕಚೇರಿಯಿಂದ ತಡವಾಗಿ ಹೊರಡುವವಳು. ಮೊದಲು ಅವಳು ಗೇಟಿನ ಬಳಿ ಒಬ್ಬಳೇ ಕಾಯುತ್ತಿದ್ದಳು. ಈಗ ಹೋದಾಗ ಹಲಗೆ ಕೊಯ್ಯುವವರ ನಡುವೆ ಇರುತ್ತಾಳೆ, ಇನ್ನು ಹತ್ತು ನಿಮಿಷ ಎನ್ನುತ್ತಾಳೆ.

ಸಂಗೀತವನ್ನೇ ವೃತ್ತಿ ಮಾಡಿಕೊಳ್ಳುವೆನೆಂದು ಈಗಾಗಲೇ ನಿರ್ಧರಿಸಿದ ಮಕ್ಕಳಿಗೆ ಕಲಾಶಾಲೆಯ ಪಾಠ ಹೆಚ್ಚು ಗಟ್ಟಿ, ಅದನ್ನು ಒಪ್ಪುತ್ತೇನೆ. ಆದರೆ ಸೇರಿಸುವ ಮುನ್ನ ಕುರ್ಚಿಗಳನ್ನು ಯಾವ ಲೆಕ್ಕದಲ್ಲಿ ಬದಲಿಸುತ್ತಾರೆಂದು ಕೇಳಿ. ಸಾಧ್ಯವಾದರೆ ಬಿಡುವಿನ ವೇಳೆಯಲ್ಲಿ ಹೋಗಿ, ಅಭ್ಯಾಸದ ಕೋಣೆಗಳ ಬಾಗಿಲು ತೆರೆದಿವೆಯೇ ಎಂದು ನೋಡಿ.