ಕ್ಲೌನ್‌ಫಿಶ್ ಮರಿ ಬೇಕಿದ್ದರೆ ಈ ಅಂಗಡಿ

ಜಯನಗರ 4ನೇ ಬ್ಲಾಕ್ ಹತ್ತಿರದ ಈ ಪುಟ್ಟ ಅಂಗಡಿಯಲ್ಲಿ ಸಿಗುವುದು ಸಾಕಿ ಬೆಳೆಸಿದ ಕ್ಲೌನ್‌ಫಿಶ್ ಎಂಬ ಪಟ್ಟೆಪಟ್ಟೆ ಕಡಲ ಮೀನಿನ ಮರಿಗಳು. ತೊಟ್ಟಿಯಲ್ಲಿ ಅವುಗಳನ್ನು ತುರುಕಿಲ್ಲ. ನನಗೆ ಹಿಡಿಸಿದ್ದೇ ಅದು. ಕಿಕ್ಕಿರಿದ ನೀರಿನಲ್ಲಿ ಮೀನಿನ ಹೊಲಸಿನಿಂದ ಬರುವ ಅಮೋನಿಯ ಎಂಬ ವಿಷ ಏರುತ್ತದೆ, ಆಮ್ಲಜನಕ ಇಳಿಯುತ್ತದೆ. ಮೇವಿಗೆ ಕಿತ್ತಾಟವಾಗಿ ಬಲವಾದ ಮರಿ ದೊಡ್ಡದಾಗುತ್ತದೆ, ಉಳಿದವು ಸೊರಗುತ್ತವೆ. ಹಾಗಂತ ತೀರಾ ಕಡಿಮೆ ಬಿಟ್ಟರೂ ಕಷ್ಟ. ಕ್ಲೌನ್‌ಫಿಶ್‌ನಲ್ಲಿ ದೊಡ್ಡದು ಚಿಕ್ಕದನ್ನು ಅಟ್ಟಾಡಿಸುತ್ತದೆ; ಗುಂಪಿದ್ದರೆ ಆ ಕಾಟ ಹಂಚಿಹೋಗುತ್ತದೆ, ಅಲ್ವಾ? ಅಂಗಡಿಯ ಅಣ್ಣ ಗಾತ್ರ ನೋಡಿ ಮರಿಗಳನ್ನು ಬೇರೆ ಬೇರೆ ತೊಟ್ಟಿಗೆ ಹಾಕಿದ್ದಾರೆ. ನಾನು ತಂದ ಜೋಡಿಯ ಬಾಲದಂಚು ಎಲ್ಲೂ ಹರಿದಿರಲಿಲ್ಲ, ಬಿಳಿ ಪಟ್ಟೆಯ ಸುತ್ತ ತೆಳು ಕಪ್ಪು ಗೆರೆ ಸ್ಪಷ್ಟವಾಗಿತ್ತು. ಬೆಲೆ ಸ್ವಲ್ಪ ಜಾಸ್ತಿ. ಆದರೆ ಕೊಡುವ ಮುಂಚೆ ಕಣ್ಣೆದುರೇ ಮೇವು ಹಾಕಿ ತಿನ್ನುವುದನ್ನು ತೋರಿಸುತ್ತಾರೆ. ಪಾರ್ಕಿಂಗ್ ಸಿಗುವುದು ಕಷ್ಟ, ಮೆಟ್ರೋದಲ್ಲೇ ಹೋಗಿ.